ದುರ್ಗಿ ಹೇಳದ ಹೆಸರು

"ನಿಮ್ಮ ಯಜಮಾನರ ಹೆಸರೇನಮ್ಮ?" ಎಂದು ನಾನು ಮತ್ತೊಮ್ಮೆ ಕೇಳಿದೆ.

ದುರ್ಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕುತ್ತಿಗೆ ತುಂಬ ತೊಟ್ಟಿದ್ದ ಮಣಿಸರಗಳು ಅವಳ ನಗೆಗೆ ಅಲುಗಾಡಿದವು. ತಲೆ ಹಣ್ಣಾದ ಹೆಂಗಸು ಹೊಸ ಮದುಮಗಳ ಹಾಗೆ ಮುಖ ತಿರುಗಿಸಿ, ಅಂಗಳದ ಮೂಲೆಯಲ್ಲಿ ಬುಟ್ಟಿ ಹೆಣೆಯುತ್ತಿದ್ದ ಮುದುಕನ ಕಡೆ ಗಲ್ಲ ಎತ್ತಿ ತೋರಿಸಿದಳು.

"ಅದೇ, ಅಲ್ಲಿ ಕೂತವ್ರು. ಹೆಸ್ರು ಬೇಕಾದ್ರೆ ಅವ್ರನ್ನೇ ಕೇಳು ತಂಗಿ. ನನ್ನ ಬಾಯಲ್ಲಿ ಎಂತಕ್ಕೆ ಹೇಳ್ಸೂಕೆ ನೋಡ್ತೀ?"

"ಮಾದ. ಮಾದ ಗೌಡ," ಎಂದು ಮುದುಕ ತಲೆ ಎತ್ತದೆಯೇ ಹೇಳಿದ. "ಮದ್ವೆಯಾದಾಗಿಂದ ಒಂದಿನಾನೂ ಹೆಸ್ರು ಹಿಡ್ದು ಕರೀಲಿಲ್ಲ ಇವ್ಳು. 'ಹೋಯ್' ಅಂದ್ರೆ ನಾನು ಅಂತ ತಿಳ್ಕಂಬೂದು."

ನನಗೆ ಬೇಕಾಗಿದ್ದು ಅಷ್ಟೇ. ಶೆಟಗೇರಿಯ ಆ ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ನನ್ನ ವಯಸ್ಸಿಗೂ ತೂಕಕ್ಕೂ ಅದು ಒಪ್ಪುವುದಿಲ್ಲವೆಂದು ಸುಮ್ಮನಾದೆ.

ಕಾರವಾರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮಹಡಿ ಮೇಲೆ ನನ್ನ ಆಫೀಸು. ಗಂಡಿನ ಕಡೆಯವರು ಹೇಳಿದ ನೌಕರಿ ನಿಜವೇ, ಮಾರಲು ಹೊರಟ ಜಾಗ ಮಾರುವವನದೇ ಎಂದು ಪತ್ತೆ ಮಾಡಿ ಹೇಳುವುದು ಈ ಅಮಿತಾಳ ಕಸುಬು. ದೇವಬಾಗದ ಮೀನು ಮಾರುವ ಪೂರ್ಣಿಮಾ ಅಲ್ಲಿಗೆ ಬಂದು, ಗಂಡನ ಮೇಲೆ ಬಿದ್ದ ದೂರು ಸುಳ್ಳೆಂದು ತೋರಿಸಿಕೊಡಿ ಎಂದು ಕೈ ಹಿಡಿದುಕೊಂಡ ದಿನದಿಂದ ಒಂದು ವಿಡಿಯೋ ನನ್ನ ತಲೆ ತಿನ್ನುತ್ತಿತ್ತು.

ಅವಳ ಗಂಡ ದತ್ತಾ ಹರಿಕಂತ್ರ. ಪ್ರಾಯದಲ್ಲಿ ವಿನೋದ ಎಂಬ ದೊಡ್ಡ ದಲ್ಲಾಳಿಯ ಕೈ ಕೆಳಗೆ ಜಾಗ ಮಾರಿಸುತ್ತಿದ್ದವ. ಒಂದು ಮೋಸದ ಕೇಸಿನಲ್ಲಿ ಶಿಕ್ಷೆಯಾಗಿ ಜೈಲು ಕಂಡು ಬಂದವ. ಕೇಸು ನಡೆದದ್ದು ಶೆಟಗೇರಿಯ ಹುಲಿಯಾ ಗೌಡ ಮತ್ತು ಅವನ ಅಕ್ಕ ದುರ್ಗಿಯ ಹೆಸರಿನಲ್ಲಿ ಜಂಟಿಯಾಗಿದ್ದ ಜಾಗದ ಮೇಲೆ. ತಮ್ಮನಿಗೆ ಕುಡಿಸಿ ಒಪ್ಪಿಸಿದರು. ಅಕ್ಕ ಒಪ್ಪಲಿಲ್ಲ. ಬೇರೆ ಯಾವಳಿಗೋ ಹಾಲಕ್ಕಿ ಹೆಂಗಸರ ಮಣಿಸರ ತೊಡಿಸಿ, ಇವಳೇ ದುರ್ಗಿ ಎಂದು ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲಿಸಿ, ಹೆಬ್ಬೆಟ್ಟು ಒತ್ತಿಸಿದರು. 'ಹೌದು, ಇವಳೇ ದುರ್ಗಿ' ಎಂದು ಗುರುತು ಹೇಳಿ ಸಹಿ ಹಾಕಿದವನು ದತ್ತಾ.

ಆ ನಕಲಿ ದುರ್ಗಿ ಯಾರೆಂದು ಪೊಲೀಸರು ಬಡಿದು ಕೇಳಿದರು, ಕೋರ್ಟು ಬೆದರಿಸಿ ಕೇಳಿತು. ದತ್ತಾ 'ಗೊತ್ತಿಲ್ಲ' ಎಂಬ ಒಂದೇ ಮಾತು ಹೇಳಿ ಒಳಗೆ ಹೋದ. ವಿನೋದನ ಹೆಸರೂ ಅವನ ಬಾಯಿಂದ ಬರಲಿಲ್ಲ.

ಈಗ ಸೈಟು ಮಾರಿಸುವ ಏಜೆಂಟನಿಗೂ ರೇರಾ ಎಂಬ ಸರ್ಕಾರಿ ಪ್ರಾಧಿಕಾರದ ನೋಂದಣಿ ಬೇಕು. ಹಿಂದೆ ಶಿಕ್ಷೆಯಾಗಿದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಹೇಳಬೇಕು. ದತ್ತಾ ಎಲ್ಲವನ್ನೂ ಹೇಳಿಕೊಂಡಿದ್ದ. ಬೆಂಗಳೂರಿನ ಅಧಿಕಾರಿಗಳು, ಹಳೆಯದು ಹಳೆಯದಾಯಿತು, ಬಂದ ಮೇಲೆ ಹೇಗೆ ಬದುಕಿದ್ದಾನೆ ನೋಡೋಣ ಎಂಬಲ್ಲಿಗೆ ಬಂದಿದ್ದರು. ಅಷ್ಟರಲ್ಲಿ ಆ ವಿಡಿಯೋ ಬಂದು ಬಿತ್ತು.

ವಿಡಿಯೋದಲ್ಲಿ ಒಬ್ಬ ಹಾಲಕ್ಕಿ ಹೆಂಗಸು ಅಳುತ್ತ ಹೇಳುತ್ತಾಳೆ: "ಹುಲಿಯಾಗೆ ಕುಡ್ಸಿದ್ರು. ಅಂವ ಮೊದ್ಲೇ ಮಳ್ಳ. ಜಾಗ ಬರ್ಸ್ಕಂಡ್ರು. ದತ್ತಾ ಹೇಳೂಂವ ಮಾಡ್ದ ಕೆಲ್ಸ." ಜತೆಗಿದ್ದ ದೂರಿನಲ್ಲಿ 'ದುರ್ಗಿ, ಗಂಡ ಹುಲಿಯಾ ಗೌಡ' ಎಂದಿತ್ತು. ಶೆಟಗೇರಿಯಲ್ಲಿ ಮನೆಗೊಬ್ಬಳು ದುರ್ಗಿ, ಕೇರಿಗೊಬ್ಬ ಹುಲಿಯಾ. ಹಳೆಯ ಕೇಸಿನಲ್ಲಿ ಅಕ್ಕ ತಮ್ಮ, ಇಲ್ಲಿ ಗಂಡ ಹೆಂಡತಿ. ಹಾಗಾಗಿ ಇದು ಬೇರೆ ಮನೆ, ಬೇರೆ ಜಾಗ, ಜೈಲಿನಿಂದ ಬಂದವ ಮಾಡಿದ ಹೊಸ ಮೋಸ ಎಂದು ಎಲ್ಲರೂ ನಂಬಿದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳಲು ಜನರಿಗೆ ಇಷ್ಟು ಸಾಕು.

ನಾನೂ ಆ ವಿಡಿಯೋ ನೋಡಿ ನೋಡಿ ಸೋತಿದ್ದೆ. ನಿನ್ನೆ ಬಂಗಡೆ ಸಾರು ಕುದಿಸುತ್ತ ಮತ್ತೆ ಹಾಕಿದಾಗ ಥಟ್ಟನೆ ಹೊಳೆಯಿತು. ನಮ್ಮ ಆಯಿ ಸಾಯುವವರೆಗೂ ನನ್ನ ಅಪ್ಪನ ಹೆಸರು ಹೇಳಲಿಲ್ಲ. ಯಾವ ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೂ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಈ ಪೂರ್ಣಿಮಾ ಕೂಡ ಅಷ್ಟೇ. ನನ್ನ ಆಫೀಸಿಗೆ ಬಂದ ದಿನ 'ಗಂಡನ ಹೆಸರೇನು' ಎಂದರೆ ವಿಚಾರಣೆಗೆ ಬಂದ ನೋಟೀಸಿನ ಮೇಲೆ ಬೆರಳಿಟ್ಟು ತೋರಿಸಿದ್ದಳು. ನಾನೆಷ್ಟು ಕೆಣಕಿದರೂ 'ಇವ್ರು', 'ನಮ್ಮವ್ರು' ಬಿಟ್ಟು ಮತ್ತೊಂದು ಮಾತಿಲ್ಲ.

ಹೀಗಿರುವಾಗ ಶೆಟಗೇರಿಯ ದುರ್ಗಿಯೊಬ್ಬಳು ಗಂಡನ ಹೆಸರನ್ನು ಅಷ್ಟು ಸಲೀಸಾಗಿ ಹೇಳುತ್ತಾಳೆಯೇ? ಅದೂ 'ಅಂವ' ಎಂದು ಏಕವಚನದಲ್ಲಿ, 'ಮಳ್ಳ' ಎಂದು ದಡ್ಡನ ಸಾಲಿಗೆ ಸೇರಿಸುತ್ತ? ಹುಲಿಯಾ ಅವಳ ಗಂಡನಲ್ಲ, ತವರಿನವ. ಅಂದರೆ ಅವಳು ಹೇಳುತ್ತಿರುವುದು ಹಳೆಯ ಮೋಸವನ್ನೇ. ಶಿಕ್ಷೆಯಾಗಿ ಮುಗಿದದ್ದಕ್ಕೆ ಯಾರೋ ಹೊಸ ಬಣ್ಣ ಬಳಿದಿದ್ದಾರೆ.

ಯಾರೋ ಏನು, ವಿನೋದನೇ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ತನ್ನ ಹಳೆಯ ಆಳು ತನಗೇ ಎದುರಾಗಿ ಅಂಗಡಿ ತೆರೆಯುವುದು ಯಾವ ದಣಿಗೆ ಸಹನೆಯಾಗುತ್ತದೆ?

ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಅಂಕೋಲೆಯ ಬಸ್ ಸ್ಟ್ಯಾಂಡ್ ಬಳಿ ಒಂದು ಚಾ ಕುಡಿದು ಶೆಟಗೇರಿಗೆ ಬಂದು, ಮನೆ ಮನೆ ಕೇಳಿ, ಕೊನೆಗೆ ಈ ಅಂಗಳಕ್ಕೆ ಮುಟ್ಟಿದ್ದೆ. ವಿಚಾರಣೆ ಮಧ್ಯಾಹ್ನ, ಫೋನಿನಲ್ಲೇ. ದತ್ತಾ ಮತ್ತು ಪೂರ್ಣಿಮಾ ಕಾರವಾರದ ನನ್ನ ಆಫೀಸಿನಲ್ಲಿ ಕೂತು ಸೇರಿಕೊಳ್ಳುವವರಿದ್ದರು.

"ಒಂದು ಮಾತು ಹೇಳ್ಬೇಕು ನೀವು," ಎಂದೆ ದುರ್ಗಿಗೆ. "ಬೆಂಗ್ಳೂರಿನವರು ಕೇಳ್ತಾರೆ. ಇದ್ದದ್ದನ್ನ ಇದ್ದಹಾಗೆ ಹೇಳಿ. ಸಾಕು."

"ಹೇಳೂಕೆಂತ? ಸುಳ್ಳು ಹೇಳೂಕೆ ನಂಗೆ ನೆನ್ಪು ನಿಲ್ಲೂದಿಲ್ಲ," ಎಂದಳು.

ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ತುಳಸಿಕಟ್ಟೆಯ ಮೇಲೊಂದೇ ಕಡೆ. ಒಂದು ತಂಬಿಗೆಗೆ ಫೋನ್ ಒರಗಿಸಿ ಇಟ್ಟೆ. ದುರ್ಗಿ ಕಟ್ಟೆಗೆ ಕೈ ಮುಗಿದು ಎದುರು ಕೂತಳು. ತುಳಸಿಗೆ ಮುಗಿದಳೋ ಅಧಿಕಾರಿಗೆ ಮುಗಿದಳೋ ತಿಳಿಯಲಿಲ್ಲ.

ಪರದೆಯ ಒಂದು ಚೌಕದಲ್ಲಿ ಕನ್ನಡಕದ ಮಹಿಳಾ ಅಧಿಕಾರಿ. ಇನ್ನೊಂದರಲ್ಲಿ ದತ್ತಾ, ಇಸ್ತ್ರಿ ಮಾಡಿದ ಅಂಗಿ, ಬಗ್ಗಿದ ತಲೆ. ಅವನ ಹಿಂದೆ ಪೂರ್ಣಿಮಾ, ಎದೆಗೆ ಕೈ ಜೋಡಿಸಿ ನಿಂತವಳು.

"ವಿಡಿಯೋದಲ್ಲಿ ಮಾತಾಡಿರುವುದು ನೀವೇನಾ?" ಎಂದು ಅಧಿಕಾರಿ ಕೇಳಿದರು.

"ನಾನೇ."

"ಹುಲಿಯಾ ಗೌಡ ನಿಮಗೆ ಏನಾಗಬೇಕು?"

"ತಮ್ಮ. ನನ್ನ ಬೆನ್ನಿಗೆ ಬಿದ್ದಂವ. ಈಗಿಲ್ಲ."

"ದೂರಿನಲ್ಲಿ ಗಂಡ ಎಂದಿದೆಯಲ್ಲ?"

ದುರ್ಗಿ ಎರಡೂ ಕಿವಿ ಮುಚ್ಚಿಕೊಂಡಳು. "ಶಿವ ಶಿವಾ! ತಮ್ಮನ್ನ ಗಂಡ ಮಾಡೂದೆ? ಯಾವ ಮಳ್ಳ ಬರ್ದದ್ದು ಅದು?"

ಪರದೆಯಲ್ಲಿ ದತ್ತಾನ ತಲೆ ಇನ್ನೂ ಬಗ್ಗಿತು.

"ನೀವು ಹೇಳಿದ ಮೋಸ ಯಾವ ಕಾಲದ್ದು?"

"ಹಳೇದು. ಕೋರ್ಟಲ್ಲಿ ಮುಗ್ದು ಜಾಗ ನಮ್ಗೇ ಬಂತು. ಈಗ ಅಲ್ಲೇ ಶೇಂಗಾ ಹಾಕ್ತ್ರು ಇವ್ರು."

"ಈಚೆಗೆ ಈ ದತ್ತಾ ನಿಮ್ಮಿಂದ ಏನಾದರೂ ತೆಗೆದುಕೊಂಡಿದ್ದಾರಾ? ಕಾಗದ, ಸಹಿ?"

"ಒಂದು ತಂಬಿಗೆ ನೀರು ಬಿಟ್ರೆ ಮತ್ತೆಂತದೂ ಇಲ್ಲ."

ಅಧಿಕಾರಿ ನಕ್ಕರು. ನಾನೂ ನಕ್ಕೆ. ಹಳ್ಳಿಯವರ ಮಾತಿನ ರೀತಿ ಅಂದುಕೊಂಡೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಮಾದ ಗೌಡನನ್ನೂ ಎದುರು ಕೂರಿಸಿ ಹೆಸರು ಹೇಳಿಸಿದೆ. ಹಳೆಯ ತೀರ್ಪಿನಲ್ಲಿದ್ದ ಅಕ್ಕ ಈ ದುರ್ಗಿಯೇ ಎಂಬುದನ್ನು ಅಧಿಕಾರಿ ತಮ್ಮಲ್ಲಿದ್ದ ಪ್ರತಿಯೊಂದಿಗೆ ತಾಳೆ ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ಈ ದೂರಿನಲ್ಲಿ ಹುರುಳಿಲ್ಲ. ಕೈಬಿಡುತ್ತಿದ್ದೇನೆ. ಅರ್ಜಿದಾರರು ಹಿಂದಿನ ಶಿಕ್ಷೆಯನ್ನು ತಾವಾಗಿಯೇ ತಿಳಿಸಿದ್ದಾರೆ. ಆನಂತರ ಅವರ ಮೇಲೆ ಬೇರೆ ಪ್ರಕರಣ ಇಲ್ಲ. ನೋಂದಣಿಗೆ ನನ್ನ ಆಕ್ಷೇಪವಿಲ್ಲ. ನಾಳೆ ಆದೇಶ ಹೊರಡುತ್ತದೆ."

ಪೂರ್ಣಿಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗೆದ್ದ ಖುಷಿ ನನ್ನ ನೆತ್ತಿಗೇರಿತು.

ಆಗ ದತ್ತಾ ಮೊದಲ ಸಲ ಬಾಯಿ ತೆರೆದ.

"ಮೇಡಂ, ನನ್ನ ಹಳೇ ಕೇಸು ಒಂದೇ ಸಾಕಲ್ವಾ? ಬೇಡ ಅನ್ನೂಕೆ?"

ಅಧಿಕಾರಿಗೆ ಅರ್ಥವಾಗಲಿಲ್ಲ. "ಏನಂದಿರಿ?"

"ಜೈಲಿಗೆ ಹೋದಂವಗೆ ಕೊಡ್ಬಾರ್ದು ಅಂತ ಇಲ್ವಾ ನಿಮ್ಮಲ್ಲಿ?"

"ಕೊಡಲೇಬಾರದು ಎಂದಿದ್ದರೆ ಈ ವಿಚಾರಣೆಯೇ ಇರುತ್ತಿರಲಿಲ್ಲ," ಎಂದು ಅವರು ಮೃದುವಾಗಿ ಹೇಳಿದರು. "ಧೈರ್ಯವಾಗಿ ಕೆಲಸ ಮಾಡಿ."

ಪಾಪ, ನಂಬಿಕೆಯೇ ಬರುತ್ತಿಲ್ಲ ಇವನಿಗೆ ಎಂದುಕೊಂಡೆ. ಅಷ್ಟರಲ್ಲಿ ದುರ್ಗಿ ಫೋನಿಗೆ ಮುಖ ಹತ್ತಿರ ತಂದಳು. ತನ್ನ ಜಾಗ ನುಂಗಲು ಬಂದಿದ್ದ ಮನುಷ್ಯನನ್ನು ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು:

"ಉಂಡ್ಯೇನಾ?"

ಪರದೆ ಕಪ್ಪಾಯಿತು.

ಫೋನ್ ಎತ್ತಿಕೊಳ್ಳುತ್ತಿದ್ದವಳು ದುರ್ಗಿಯ ಕಡೆ ತಿರುಗಿದೆ. ಮೋಸಗಾರನನ್ನು ಯಾರೂ ಹಾಗೆ ಕೇಳುವುದಿಲ್ಲ. ಮನೆಗೆ ಬಂದು ಹೋದವನನ್ನು ಕೇಳುತ್ತಾರೆ.

"ಅಮ್ಮಾ, ನಿಮ್ಮ ಆ ವಿಡಿಯೋ ತೆಗೆದದ್ದು ಯಾರು?"

"ಅಂವನೇ. ಈಗ ಫೋನಲ್ಲಿ ಇದ್ನಲೆ, ದತ್ತಾ."

"ದತ್ತಾನೇ?"

"ಹೌದೇ. ಹೋದ ತಿಂಗ್ಳು ಬಂದಿದ್ದ. ಇದೇ ಕಟ್ಟೆ ಹತ್ರ ಕೂತ್ಕಂಡು ಅತ್ತ. 'ನಾ ಮಾಡಿದ್ದೆಲ್ಲ ನಿನ್ನ ಬಾಯಲ್ಲೇ ಹೇಳು, ಫೋನಲ್ಲಿ ಹಿಡ್ಕಂತೆ, ನಂಗೊಂದು ದೊಡ್ಡ ಕೇಡು ತಪ್ತದೆ' ಹೇಳ್ದ. ಗಂಡ್ಸು ಅಳೂದು ನೋಡೂಕಾಗ್ಲಿಲ್ಲ. ಹೇಳ್ದೆ. ನೀರು ಕೊಟ್ಟೆ, ಕುಡ್ದು ಹೋದ."

"ಇದನ್ನ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?"

"ನೀ ಕೇಳಲೇ ಇಲ್ಲಲೆ ತಂಗಿ," ಎಂದಳು ದುರ್ಗಿ.

ಬುಟ್ಟಿ ಹೆಣೆಯುತ್ತಿದ್ದ ಮಾದ ಗೌಡ ಮೆಲ್ಲಗೆ ಕೆಮ್ಮಿದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಪತ್ತೇದಾರಿಕೆ. ವಿನೋದನೇ ಎಂದು ಮನಸ್ಸಿನಲ್ಲಿ ಮೊಳೆ ಹೊಡೆದುಕೊಂಡವಳು, ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ದತ್ತಾ ತನ್ನ ಮೇಲೆ ತಾನೇ ದೂರು ಕೊಟ್ಟಿದ್ದ. ಅದನ್ನು ಒಡೆದು, ಅವನಿಗೆ ಬೇಡದ ಲೈಸೆನ್ಸನ್ನು ಅವನ ಕುತ್ತಿಗೆಗೆ ಕಟ್ಟಿದವಳು ನಾನು.

*

ಅಂಕೋಲೆಯಿಂದ ಕಾರವಾರದ ದಾರಿಯಲ್ಲಿ ಸ್ಕೂಟರ್ ಓಡಿಸಿದ್ದು ನಾನೋ ನನ್ನ ಸಿಟ್ಟೋ ತಿಳಿಯದು. ಬಿಣಗಾದ ಸುರಂಗ ದಾಟಿದ್ದು ನೆನಪಿಲ್ಲ. ನಡುವೆ ಪೂರ್ಣಿಮಾಳ ಫೋನ್ ಬಂತು. ದನಿಯಲ್ಲಿ ಹಬ್ಬ.

"ಅಮಿತಕ್ಕಾ, ನಿಮ್ಮ ಉಪ್ಕಾರ ಮರೆಯೂದಿಲ್ಲ. ಇವ್ರು ಮನೆಗೆ ಹೋದ್ರು. ನಾನು ಪೇಟೇಲಿ ಪೇಡೆ ತಕಂಡು, ದೇವ್ರಿಗೆ ಕಾಯಿ ಒಡ್ಸ್ಕಂಡು ಬತ್ತೆ. ನೀವೂ ಬರ್ಲೇಬೇಕು ಇವತ್ತು."

"ಬರ್ತಿದ್ದೇನೆ," ಎಂದಷ್ಟೇ ಹೇಳಿದೆ.

ಕಾಳಿ ಸೇತುವೆ ದಾಟುವಾಗ ಕಳೆದ ವಾರ ಅವರ ಮನೆಯಲ್ಲಿ ಕಂಡದ್ದೆಲ್ಲ ಒಂದೊಂದಾಗಿ ನೆನಪಾಯಿತು. ಜಗಲಿಯಲ್ಲಿ ಒಂದು ಹೊಸ ಬೋರ್ಡು ಇತ್ತು, ಮುಖ ಗೋಡೆಗೆ ತಿರುಗಿಸಿ ಇಟ್ಟದ್ದು. ಬಗ್ಗಿ ನೋಡಿದ್ದೆ: 'ದತ್ತಾ ಹರಿಕಂತ್ರ, ನೋಂದಾಯಿತ ಏಜೆಂಟ್'. ನೋಂದಣಿ ಸಂಖ್ಯೆಗೆ ಮಾತ್ರ ಜಾಗ ಖಾಲಿ. ಕೈಗೆ ಬರುವ ಮೊದಲು ಜನರಿಗೆ ತೋರಿಸಬಾರದೆಂಬ ನಂಬಿಕೆ ಇರಬೇಕು ಎಂದು ನಕ್ಕಿದ್ದೆ.

ಅದೇ ಹೊತ್ತಿಗೆ ದತ್ತಾ ರೇಷನ್ ಅಕ್ಕಿ ಹೊತ್ತು ಬಂದಿದ್ದ. ಪೂರ್ಣಿಮಾ ನಕ್ಕು ಹೇಳಿದ್ದಳು: "ಊರಲ್ಲೆಲ್ಲ ಹೆಂಗ್ಸ್ರೇ ಹೋಗ್ತ್ರು ರೇಷನ್ನಿಗೆ. ಇವ್ರು ಮಾತ್ರ ಆ ಮಶಿನಿಗೆ ನನ್ನ ಹೆಬ್ಬೆಟ್ಟು ಒತ್ತೂಕೆ ಬಿಡೂದಿಲ್ಲ. ಮೀನು ಕೊಯ್ದು ಬೆರಳು ಸವ್ದದೆ, ಹತ್ತೂದಿಲ್ಲ ಹೇಳ್ತ್ರು." ಹೆಂಡತಿಯನ್ನು ಸಾಲಿನಲ್ಲಿ ನಿಲ್ಲಿಸದ ಗಂಡ ಎಂದು ನಾನು ಮೆಚ್ಚಿಕೊಂಡಿದ್ದೆ.

ದೇವಬಾಗದ ಗಾಳಿಮರಗಳ ನಡುವೆ ಸ್ಕೂಟರ್ ನಿಲ್ಲಿಸಿದಾಗ ಬಿಸಿಲು ಇನ್ನೂ ಇತ್ತು. ದತ್ತಾ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ, ಅದೇ ಇಸ್ತ್ರಿ ಅಂಗಿಯಲ್ಲಿ. ಬೋರ್ಡು ಈಗ ಮುಖ ಈಚೆಗೆ ಮಾಡಿ ಬಾಗಿಲ ಪಕ್ಕದಲ್ಲಿ ನಿಂತಿತ್ತು.

"ಅದನ್ನ ಯಾರು ತಿರುಗಿಸಿದ್ದು?" ಎಂದೆ.

"ವಿನೋದಣ್ಣನ ಜನ. ಈಗಷ್ಟೇ ಬಂದು ಹೋದ್ರು. ಮಾಡ್ಸಿದ್ದೂ ಅವ್ರೇ."

"ನೀನು ದುರ್ಗಿ ಮನೆಗೆ ಹೋಗಿದ್ದೆ."

ಅವನು ಅಲ್ಲವೆನ್ನಲಿಲ್ಲ. "ಹೇಳಿದ್ಳಾ?"

"ನಾನು ಕೇಳಿದ ಮೇಲೆ ಹೇಳಿದಳು. ಕೇಳುವ ಹೊತ್ತಿಗೆ ನಿನ್ನ ಲೈಸೆನ್ಸು ಪಾಸಾಗಿತ್ತು. ನಿನ್ನ ಹೆಂಡತಿ ನನ್ನ ಕೈ ಹಿಡಿದು ಅತ್ತಳು, ಕಳೆದ ವಾರ ನಾನು ಇಲ್ಲಿಗೇ ಬಂದಾಗ ನೀನೂ ಇದ್ದೆ. ಒಂದು ಮಾತು ನನಗೆ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

"ಅವ್ಳ ಎದ್ರಿಗೆ ಹೇಳೂ ಹಾಗಿಲ್ಲ ಅಕ್ಕಾ."

"ಈಗ ಅವಳಿಲ್ಲ. ಹೇಳು."

ದತ್ತಾ ಬೋರ್ಡಿನ ಕಡೆ ನೋಡಿದ. ಸ್ವಂತ ಹೆಸರನ್ನು ಅಷ್ಟು ಹೇಸಿಗೆಯಿಂದ ನೋಡುವವನನ್ನು ನಾನು ಮೊದಲು ಕಂಡಿರಲಿಲ್ಲ.

"ಕದ್ವಾಡದಲ್ಲಿ ಹೊಳೆ ಬದಿಗೆ ಉಪ್ಪು ನೀರು ಹತ್ತೂ ಗದ್ದೆ ಅದೆ. ಅದ್ಕೆ ಮಣ್ಣು ತುಂಬ್ಸಿ ಸೈಟು ಮಾಡಿದಾರೆ ವಿನೋದಣ್ಣ. ಬೇಸಿಗೇಲಿ ನೋಡೂಕೆ ಚಂದ. ಮಳೆಗಾಲಕ್ಕೆ ಭರತಿ ನೀರು ಏರಿ ಬಂದ್ರೆ ಮನೆ ಒಳ್ಗೆ ಏಡಿ ಹಿಡೀಬೋದು. ತಕಂಡವ್ರು ಆಮೇಲೆ ಯಾರ್ನ ಹಿಡೀತ್ರು? ಬೋರ್ಡಲ್ಲಿ ಹೆಸ್ರು ಇದ್ದಂವನ್ನ."

"ಅದಕ್ಕೆ ನೀನೇ ಯಾಕೆ? ಕೇಸಿಲ್ಲದ ಏಜೆಂಟರು ಊರು ತುಂಬ ಇದ್ದಾರೆ."

"ಒಳ್ಳೇ ಹೆಸ್ರಿನಂವ ಸಿಕ್ಕಿಬಿದ್ರೆ ಪೊಲೀಸ್ರು ಹಿಂದೆ ಯಾರಿದಾರೆ ಅಂತ ಹುಡುಕ್ತ್ರು. ನಾ ಸಿಕ್ಕಿಬಿದ್ರೆ ಯಾರೂ ಎಂತದೂ ಹುಡುಕೂದಿಲ್ಲ. ಮೊದ್ಲೇ ಕಳ್ಳ ಅಂತ ಅಲ್ಲಿಗೇ ಮುಗೀತದೆ."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಾತು ಅಷ್ಟು ಸರಿಯಾಗಿತ್ತು.

"ಅರ್ಜೀಲಿ ಹಳೇ ಕೇಸು ಹೇಳಿದ್ರೆ ಅವ್ರೇ ಬೇಡ ಹೇಳ್ತ್ರು ಅಂದ್ಕಂಡೆ," ಎಂದ ದತ್ತಾ. "ಅವ್ರು ಪ್ರಾಮಾಣಿಕ ಅಂತ ಹೊಗಳಿದ್ರು. ಹಾಗಾಗಿ ಹೊಸಾದೊಂದು ಮೋಸ ಬೇಕಾಯ್ತು. ಮಾಡೂಕೆ ಮನಸ್ಸಿಲ್ಲ. ಮಾಡಿದ್ದನ್ನೇ ತಿರುಗ ತಂದೆ. ತಮ್ಮ ಅಂದ್ರೆ ಹಳೇ ಕೇಸು ಅಂತ ಗೊತ್ತಾಗ್ತದೆ, ಅದ್ಕೆ ಗಂಡ ಅಂತ ಹಾಕ್ಸಿದೆ. ಹೆಂಗ್ಸ್ರು ಗಂಡನ ಹೆಸ್ರು ಹೇಳೂದಿಲ್ಲ ಅನ್ನೂದು ನಂಗೆ ಹೊಳೀಲೇ ಇಲ್ಲ. ದಿನಾ ನನ್ನ ಮನೇಲೇ ಅದೆ, ಆದ್ರೂ ಹೊಳೀಲಿಲ್ಲ."

"ವಿನೋದನಿಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು."

"ಹೇಳ್ದೆ."

"ಏನಂದ?"

ದತ್ತಾ ಪೂರ್ಣಿಮಾ ಬಂದಳೇ ಎಂದು ದಾರಿಯ ಕಡೆ ನೋಡಿದ.

"ಏನಂದ ದತ್ತಾ? ನೀನು ಶಿಕ್ಷೆ ಮುಗಿಸಿ ಬಂದವ. ನಿನ್ನ ಮೇಲೆ ಅವನ ಹಿಡಿತ ಏನಿದೆ?"

"ನನ್ನ ಮೇಲೆ ಇಲ್ಲ." ಅವನು ದನಿ ತಗ್ಗಿಸಿದ. "ಆ ದಿವ್ಸ ಹೆಬ್ಬೆಟ್ಟು ಒತ್ತಿದ ಹೆಂಗ್ಸು ಯಾರು ಅಂತ ಅವ್ರಿಗೆ ಗೊತ್ತು. ಹುಡ್ಕಿ ತಂದವ್ರೇ ಅವ್ರು. ಆ ಬೆರಳಚ್ಚು ಈಗ್ಲೂ ಕೇಸಿನ ಕಡತದಲ್ಲಿ ಅದೆ. ಒಂದು ಹೆಸ್ರು ಹೇಳಿದ್ರೆ ಸಾಕು, ಕರ್ಕಂಡು ಹೋಗಿ ಬೆರಳು ಇಡ್ಸ್ತ್ರು. 'ಲೈಸೆನ್ಸು ತೆಗಿ, ಇಲ್ಲಾಂದ್ರೆ ಹೆಸ್ರು ನಾ ಹೇಳ್ತೆ' ಅಂದ್ರು."

"ಹೇಳಿದರೆ ಅವನೂ ಸಿಕ್ಕಿಬೀಳುವುದಿಲ್ಲವೇ?"

"ಅವ್ರ ಬೆರಳು ಎಲ್ಲೂ ಇಲ್ವಲ್ಲ. ನಂದು ಅದೆ, ಆ ಹೆಂಗ್ಸಿಂದು ಅದೆ."

"ಯಾರು ಆ ಹೆಂಗಸು?"

"ಗೊತ್ತಿಲ್ಲ," ಎಂದ ದತ್ತಾ.

ಪೊಲೀಸರಿಗೂ ಕೋರ್ಟಿಗೂ ಹೇಳಿದ ಅದೇ ಮಾತು. ಅದೇ ಗೋಡೆಯಂಥ ಮುಖ. ನನಗೆ ರೇಗಿತು.

"ನಾಳೆ ಆದೇಶ ಬರುತ್ತದೆ. ಅಷ್ಟರೊಳಗೆ ತಡೆಯಬೇಕೆಂದರೆ ಎರಡೇ ದಾರಿ. ಸುಳ್ಳು ದೂರು ಕೊಟ್ಟದ್ದು ನಾನೇ ಎಂದು ನೀನು ಒಪ್ಪಿಕೊಳ್ಳಬೇಕು. ಆಗ ನೀನು ಮತ್ತೆ ಒಳಗೆ. ಇಲ್ಲ, ಆ ಹೆಂಗಸು ತಾನಾಗಿ ಬಂದು ವಿನೋದನ ಹೆಸರು ಹೇಳಬೇಕು. ಯಾರೋ ಒಬ್ಬಳಿಗಾಗಿ ಒಮ್ಮೆ ಜೈಲಿಗೆ ಹೋದದ್ದು ಸಾಲದೇ? ಮನೆಯಲ್ಲಿ ಹೆಂಡತಿ ಇದ್ದಾಳೆ ಎಂಬುದಾದರೂ ನೆನಪಿದೆಯೇ ನಿನಗೆ?"

"ಗೊತ್ತಿಲ್ಲ ಅಂದ್ನಲ್ಲ ಅಕ್ಕಾ!"

"ಪುರೋ, ದತ್ತಾ."

ಸಾಕು ಎಂಬ ಆ ಕೊಂಕಣಿ ಮಾತು ನಮ್ಮ ಹಿಂದಿನಿಂದ ಬಂತು. ನಾನು ತಿರುಗಿದೆ. ಗಾಳಿಮರದ ನೆರಳಿನಲ್ಲಿ ಪೂರ್ಣಿಮಾ ನಿಂತಿದ್ದಳು. ಒಂದು ಕೈಯಲ್ಲಿ ಪೇಡೆಯ ಪೊಟ್ಟಣ, ಇನ್ನೊಂದರಲ್ಲಿ ಒಡೆಸಿದ ಕಾಯಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅವಳು ಹೇಳಿದ ಮಾತಿಗಿಂತ ಅವಳು ಕರೆದ ಹೆಸರು ನನ್ನನ್ನು ನಡುಗಿಸಿತು. ಇವಳ ಬಾಯಿಂದ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

"ಮದ್ವೆಗೆ ಮುಂಚೆ ಹಾಗೇ ಕರೀತಿದ್ದೆ," ಎಂದಳು ಪೂರ್ಣಿಮಾ, ನನ್ನನ್ನೇ ನೋಡುತ್ತ. "ವಿನೋದಣ್ಣನ ಆಫೀಸಲ್ಲಿ ಕಸ ಗುಡ್ಸ್ತಿದ್ದೆ ನಾನು. ಕದ್ವಾಡದಿಂದ ದಿನಾ ಬಸ್ಸಿಗೆ ಬರೂದು. ದತ್ತಾ ಚಾ ತಾ, ದತ್ತಾ ಬಾಗ್ಲು ತೆಗಿ ಅಂತ."

"ಒಳ್ಗೆ ಹೋಗು ನೀನು," ಎಂದ ದತ್ತಾ ಎದ್ದು ನಿಂತು.

ಅವಳು ಹೋಗಲಿಲ್ಲ. ಪೇಡೆಯ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟಳು, ಕಾಯಿಯನ್ನೂ ಇಟ್ಟಳು.

"ಒಂದಿನ ಮಣಿಸರ ಕೊಟ್ರು. 'ಒಬ್ಳಿಗೆ ಹುಷಾರಿಲ್ಲ, ಅವ್ಳ ಬದ್ಲಿಗೆ ಬೆರಳು ಒತ್ತಿ ಬಾ, ಎಲ್ಲಾ ಕಡೆ ಹೀಗೇ ಮಾಡೂದು' ಅಂದ್ರು. ಒತ್ತಿ ಬಂದೆ. ಆಮೇಲೆ ಪೊಲೀಸ್ರು ಬಂದ್ರು. ಇವ್ರು ನನ್ನ ಹೆಸ್ರು ಹೇಳ್ಲಿಲ್ಲ. ಹೊಡೆದ್ರೂ ಹೇಳ್ಲಿಲ್ಲ. ಬಿಟ್ಟು ಬಂದ ದಿವ್ಸ ಜೈಲಿನ ಬಾಗ್ಲಲ್ಲಿ ನಾನು ನಿಂತಿದ್ದೆ. ಅವತ್ತಿಂದ ಈ ಹೆಸ್ರು ನನ್ನ ಬಾಯಿಗೆ ಬರ್ಲಿಲ್ಲ ಅಕ್ಕಾ. ರೂಢಿಗೆ ಅಲ್ಲ. ಅಷ್ಟು ದೊಡ್ಡದಾಗಿತ್ತು ಅದು."

ಅವಳು ತನ್ನ ಬಲಗೈ ಮುಂದೆ ಚಾಚಿದಳು. ಮೀನು ಕೊಯ್ದು ಗೀರುಬಿದ್ದ ಹೆಬ್ಬೆರಳು. ಉಗುರಿನ ಅಂಚಿಗೆ ಇನ್ನೂ ಒಂದು ಮೀನಿನ ಹುರುಪೆ ಅಂಟಿತ್ತು.

"ಯಾರೋ ಒಬ್ಳು ಅಂದ್ರಲ್ಲ. ಅದು ನಾನೇ."

ಗಂಡನನ್ನು ಉಳಿಸಿಕೊಡಿ ಎಂದು ಬಂದವಳು ಇವಳು. ಇವಳನ್ನು ಉಳಿಸಲು ಅವನು ತನ್ನ ಮೇಲೆ ತಾನೇ ಮಣ್ಣು ಸುರಿದುಕೊಂಡಿದ್ದ. ಆ ಮಣ್ಣನ್ನು ಗುಡಿಸಿ ಹಾಕಿ ಇಬ್ಬರನ್ನೂ ವಿನೋದನ ಕೈಗೆ ಒಪ್ಪಿಸಿದವಳು ನಾನು. ನನ್ನ ಕಣ್ಣು ತುಂಬಿತು. ನಾಚಿಕೆಯೂ ಆಯಿತು.

ಆಗ ಮೆಟ್ಟಿಲ ಮೇಲಿದ್ದ ದತ್ತಾನ ಫೋನ್ ಹೊಡೆದುಕೊಳ್ಳತೊಡಗಿತು. ಪರದೆಯಲ್ಲಿ 'ವಿನೋದಣ್ಣ' ಎಂಬ ಹೆಸರು. ಶುಭಾಶಯ ಹೇಳಲು ಇರಬೇಕು.

ದತ್ತಾ ಕೈ ಚಾಚುವ ಮೊದಲೇ ಪೂರ್ಣಿಮಾ ಅದನ್ನೆತ್ತಿಕೊಂಡಳು.

"ಬೇಡ," ಎಂದ ದತ್ತಾ. "ಪೂರ್ಣಿಮಾ, ಬೇಡ. ಕೊಡು ಇಲ್ಲಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆ ಹೆಬ್ಬೆರಳನ್ನು ಪರದೆಯ ಮೇಲಿಟ್ಟು ಒತ್ತಿ, ಫೋನನ್ನು ಕಿವಿಗೆ ಹಿಡಿದಳು.

"ವಿನೋದಣ್ಣಾ," ಎಂದಳು, "ನಾನು ದುರ್ಗಿ ಮಾತಾಡೂದು."